ತುಂಬಿದ ರ‍್ಯಾಕನ್ನು ‘ಖಾಲಿ’ ಎನ್ನುವ ರೋಬೋಟ್: ದೋಷ ನಿವಾರಣೆ ಕೈಪಿಡಿ

ಕಿರಾಣಿ ಮಳಿಗೆಯ ರ‍್ಯಾಕ್‌ಗಳ ನಡುವೆ ತಾನಾಗಿ ಓಡಾಡಿ, ಸಾಮಾನುಗಳ ಚಿತ್ರ ತೆಗೆದು, ಯಾವ ಮಾಲು ಮುಗಿದಿದೆ, ಯಾವುದು ಬೇರೆಯ ಜಾಗದಲ್ಲಿ ಕುಳಿತಿದೆ, ಯಾವುದರ ಬೆಲೆಚೀಟಿ ತಪ್ಪಾಗಿದೆ ಎಂದು ಪಟ್ಟಿ ಕೊಡುವ ರೋಬೋಟ್‌ಗಳಲ್ಲಿ ಕೆಲಸಗಾರರನ್ನು ಹೆಚ್ಚು ಸತಾಯಿಸುವುದು ಸುಳ್ಳು ‘ಖಾಲಿ’ ವರದಿ. ಯಂತ್ರ ನಿಂತುಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಸುಳ್ಳು ಹೇಳುತ್ತಾ ಓಡಾಡುವ ಯಂತ್ರದ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ. ಕೆಲವೇ ದಿನಗಳಲ್ಲಿ ಹುಡುಗರು ಅದರ ಪಟ್ಟಿಯನ್ನು ತೆರೆದು ನೋಡುವುದನ್ನೇ ಬಿಟ್ಟುಬಿಡುತ್ತಾರೆ.

ಈ ಕೈಪಿಡಿ ಆ ಒಂದು ದೋಷದ ಮೂಲವನ್ನು ಹುಡುಕುವ ಕ್ರಮಕ್ಕೆ ಸೀಮಿತವಾಗಿದೆ. ಮುಂದೆ ಗಾಜಿನ ಗೋಡೆ, ಹಿಂದೆ ಗೋಡೌನ್, ಒಂದು ಮೂಲೆಯಲ್ಲಿ ತೂಕದ ಕಾಳುಕಡಿ, ಇನ್ನೊಂದು ಮೂಲೆಯಲ್ಲಿ ಊರಿನ ಭಟ್ಟಿಗಳಿಂದ ಬಂದ ಮಂಡಕ್ಕಿ ಚೀಲಗಳು ಇರುವ ದಾವಣಗೆರೆಯ ಮಧ್ಯಮ ಗಾತ್ರದ ಮಳಿಗೆಯನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯಲಾಗಿದೆ. ಯಂತ್ರದ ಜೊತೆ ಬರುವ ಪುಸ್ತಕಗಳು ಬಹುಮಟ್ಟಿಗೆ ವಿದೇಶದ ದೊಡ್ಡ ಮಳಿಗೆಗಳಿಗಾಗಿ ಸಿದ್ಧವಾದವು; ಗೋಣಿ ದಾರದ ಬಗ್ಗೆಯಾಗಲಿ, ಶಾಂಪೂ ಸ್ಯಾಷೆಗಳ ಸರದ ಬಗ್ಗೆಯಾಗಲಿ ಅವುಗಳಲ್ಲಿ ಮಾತಿರುವುದಿಲ್ಲ.

ಮೊದಲು ಚಿತ್ರ, ಆಮೇಲೆ ಯಂತ್ರ

ದೂರು ಬಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವುದಾಗಲಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದಾಗಲಿ ಬೇಡ. ರೋಬೋಟ್ ಒಂದು ಸುತ್ತು ಮುಗಿಸಿದ ತಕ್ಷಣ ಅದರ ವರದಿಯಲ್ಲಿ ‘ಖಾಲಿ’ ಎಂದು ನಮೂದಾದ ಹತ್ತು ಹದಿನೈದು ಜಾಗಗಳನ್ನು ಗುರುತು ಮಾಡಿಕೊಂಡು ಅಲ್ಲಿಗೆ ನಡೆದು ಹೋಗಬೇಕು. ತಡವಾದರೆ ಗಿರಾಕಿಗಳು ಮಾಲು ಒಯ್ದಿರುತ್ತಾರೆ, ಇಲ್ಲವೇ ಗೋಡೌನ್‌ನಿಂದ ತಂದು ತುಂಬಿರುತ್ತಾರೆ. ಆಮೇಲೆ ಯಾರು ಸರಿ, ಯಾರು ತಪ್ಪು ಎಂದು ಹೇಳಲಾಗದು. ‘ಮಾಲು ಐತ್ರೀ ಸಾರ್, ಮಷಿನ್ನೇ ಇಲ್ಲ ಅಂತೈತಿ’ ಎಂಬ ದೂರು ನಿಜವೂ ಇರಬಹುದು, ರೋಬೋಟ್ ಹೋದ ಮೇಲೆ ರ‍್ಯಾಕ್ ತುಂಬಿದ್ದರಿಂದ ಹುಟ್ಟಿದ್ದೂ ಇರಬಹುದು.

ಪ್ರತಿ ಜಾಗಕ್ಕೂ ಮೂರನ್ನು ಹೋಲಿಸಬೇಕು: ಕಣ್ಣೆದುರಿನ ರ‍್ಯಾಕ್, ರೋಬೋಟ್ ತೆಗೆದ ಮೂಲ ಚಿತ್ರ, ಮತ್ತು ಬಿಲ್ಲಿಂಗ್ ಕಂಪ್ಯೂಟರಿನ ದಾಸ್ತಾನು ಲೆಕ್ಕ. ಇವುಗಳಲ್ಲಿ ಮೂಲ ಚಿತ್ರಕ್ಕೆ ಹೆಚ್ಚು ತೂಕವಿದೆ, ಏಕೆಂದರೆ ಮುಂದಿನ ದಾರಿಯನ್ನು ಅದೇ ತೋರಿಸುತ್ತದೆ. ಚಿತ್ರದಲ್ಲಿ ಮಾಲು ಸ್ಪಷ್ಟವಾಗಿ ಕಾಣುತ್ತಿದ್ದು ವರದಿ ‘ಖಾಲಿ’ ಎಂದಿದ್ದರೆ, ಕ್ಯಾಮೆರಾದ ತಪ್ಪಿಲ್ಲ. ಗುರುತಿಸುವ ತಂತ್ರಾಂಶ ಅಥವಾ ಅದಕ್ಕೆ ಕೊಟ್ಟ ಮಾಹಿತಿ ತಪ್ಪಿದೆ. ಚಿತ್ರವೇ ಮಸುಕಾಗಿದ್ದರೆ ಅಥವಾ ಬಿಳಚಿಕೊಂಡಿದ್ದರೆ ಬೆಳಕು, ದೂರ ಮತ್ತು ವೇಗವನ್ನು ನೋಡಬೇಕು. ಆ ಜಾಗದ ಚಿತ್ರವೇ ಇಲ್ಲದಿದ್ದರೆ, ಅಥವಾ ಇರುವ ಚಿತ್ರ ಪಕ್ಕದ ಖಾನೆಯದ್ದಾಗಿದ್ದರೆ, ರೋಬೋಟ್‌ಗೆ ತಾನೆಲ್ಲಿದ್ದೇನೆ ಎಂಬುದೇ ತಿಳಿದಿಲ್ಲ. ರ‍್ಯಾಕ್ ಮತ್ತು ಚಿತ್ರ ಎರಡರಲ್ಲೂ ಖಾಲಿ ಇದ್ದು ಕಂಪ್ಯೂಟರ್ ಮಾತ್ರ ‘ಮಾಲು ಇದೆ’ ಎನ್ನುತ್ತಿದ್ದರೆ, ರೋಬೋಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಚಿತ್ರ ಮಸುಕಾಗಿದ್ದರೆ

ರ‍್ಯಾಕಿನ ಅಂಚಿನ ಚೀಟಿಯ ಬಾರ್‌ಕೋಡನ್ನು ಓದಿ ಯಾವ ಮಾಲಿನ ಜಾಗ ಯಾವುದು ಎಂದು ತಿಳಿದುಕೊಳ್ಳುವ ಯಂತ್ರಗಳಲ್ಲಿ, ಚೀಟಿ ಓದಲಾಗದಿದ್ದರೆ ಮುಂದಿನ ತೀರ್ಮಾನಗಳೆಲ್ಲ ಹಳಿ ತಪ್ಪುತ್ತವೆ. ಸಾಮಾನ್ಯ 13 ಅಂಕಿಯ ಬಾರ್‌ಕೋಡಿನ ಅತಿ ಸಣ್ಣ ಗೆರೆಯ ಅಗಲ, ಪೂರ್ಣ ಗಾತ್ರದಲ್ಲಿ ಮುದ್ರಿಸಿದಾಗ, 0.33 ಮಿ.ಮೀ. ಅದನ್ನು ಬಿಡಿಸಿ ಓದಲು ಪ್ರತಿ ಸಣ್ಣ ಗೆರೆಗೆ ಕನಿಷ್ಠ ಎರಡು ಪಿಕ್ಸೆಲ್ ಬೇಕೆಂದು ಹಿಡಿದರೆ, 4000 ಪಿಕ್ಸೆಲ್ ಅಗಲದ ಚಿತ್ರವೊಂದು ರ‍್ಯಾಕಿನ ಸುಮಾರು 66 ಸೆಂ.ಮೀ. ಅಗಲವನ್ನು ಮಾತ್ರ ವಿಶ್ವಾಸದಿಂದ ಓದಬಲ್ಲದು. ದಾರಿಯಲ್ಲಿ ಖಾಲಿ ಕ್ರೇಟುಗಳನ್ನೋ ಅಕ್ಕಿ ಚೀಲಗಳನ್ನೋ ಒಂದು ಬದಿಗೆ ಒಟ್ಟಿದ್ದರೆ ರೋಬೋಟ್ ಇನ್ನೊಂದು ಬದಿಗೆ ಸರಿದು ಹೋಗುತ್ತದೆ. ಆಗ ದೂರವಾದ ರ‍್ಯಾಕಿನ ಹೆಚ್ಚು ಅಗಲ ಅಷ್ಟೇ ಪಿಕ್ಸೆಲ್‌ಗಳಲ್ಲಿ ಇಕ್ಕಟ್ಟಾಗಿ, ಗೆರೆಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತವೆ. ತಪ್ಪುಗಳೆಲ್ಲ ದಾರಿಯ ಒಂದೇ ಬದಿಯಲ್ಲಿ ಬರುತ್ತಿದ್ದರೆ ಮೊದಲು ಎದುರು ಬದಿಯಲ್ಲಿ ಏನು ಬಿದ್ದಿದೆ ಎಂದು ನೋಡುವುದು ಒಳ್ಳೆಯದು.

ಚೀಟಿಗಳ ಮುದ್ರಣದಲ್ಲೇ ದೋಷ ಅಡಗಿರುವುದೂ ಉಂಟು. ಮಳಿಗೆಗಳಲ್ಲಿ ಬಳಕೆಯಲ್ಲಿರುವ 203 ಡಿಪಿಐ (ಇಂಚಿಗೆ 203 ಚುಕ್ಕೆ) ಥರ್ಮಲ್ ಪ್ರಿಂಟರಿನ, ಅಂದರೆ ಶಾಖದಿಂದ ಮುದ್ರಿಸುವ ಯಂತ್ರದ, ಒಂದು ಚುಕ್ಕೆ 0.125 ಮಿ.ಮೀ. ಇರುತ್ತದೆ. ಸಣ್ಣ ಚೀಟಿಯಲ್ಲಿ ಹಿಡಿಸಲೆಂದು ಗೆರೆಯನ್ನು ಎರಡು ಚುಕ್ಕೆಗೆ ಇಳಿಸಿದರೆ ಅಗಲ 0.25 ಮಿ.ಮೀ. ಆಗುತ್ತದೆ, ಇದು ಪೂರ್ಣ ಗಾತ್ರದ ಶೇ. 80 ಎಂಬ ಕನಿಷ್ಠ ಮಿತಿಗಿಂತ, ಅಂದರೆ 0.264 ಮಿ.ಮೀ.ಗಿಂತ ಕಡಿಮೆ. ಕೌಂಟರಿನ ಕೈ ಸ್ಕ್ಯಾನರ್ ಹತ್ತಿರದಿಂದ ಇದನ್ನೂ ಓದಿಬಿಡುವುದರಿಂದ ‘ಚೀಟಿ ಸರಿಯಾಗಿದೆ’ ಎಂಬ ಭ್ರಮೆ ಹುಟ್ಟುತ್ತದೆ. ಮೂರು ಚುಕ್ಕೆಗೆ ಏರಿಸಿ, ಚೀಟಿಯನ್ನು ತುಸು ಅಗಲ ಮಾಡುವುದೇ ಇದಕ್ಕೆ ಪರಿಹಾರ. ಗಾಜಿನ ಪಕ್ಕದ ರ‍್ಯಾಕಿನಲ್ಲಿ ಥರ್ಮಲ್ ಕಾಗದ ಬಿಸಿಲಿಗೆ ಮಂಕಾಗುವುದರಿಂದ ಅಲ್ಲಿಯ ಚೀಟಿಗಳನ್ನು ಉಳಿದವಕ್ಕಿಂತ ಬೇಗ ಬದಲಿಸಬೇಕು.

ಇನ್ನು ವೇಗ ಮತ್ತು ಬೆಳಕು. ಇವೆರಡನ್ನೂ ಒಟ್ಟಿಗೆ ನೋಡದೆ ಹೋದರೆ ದೋಷ ಸಿಕ್ಕುವುದಿಲ್ಲ. ರೋಬೋಟ್ ಸೆಕೆಂಡಿಗೆ 30 ಸೆಂ.ಮೀ. ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಕ್ಯಾಮೆರಾದ ಕಣ್ಣು ಸೆಕೆಂಡಿನ ನೂರನೇ ಒಂದು ಭಾಗದಷ್ಟು ತೆರೆದಿದ್ದರೆ ಅಷ್ಟರಲ್ಲಿ ರೋಬೋಟ್ 3 ಮಿ.ಮೀ. ಮುಂದೆ ಹೋಗಿರುತ್ತದೆ, ಎಂದರೆ ಒಂಬತ್ತು ಸಣ್ಣ ಗೆರೆಗಳಷ್ಟು ಜಾಗ ಒಂದರ ಮೇಲೊಂದು ಕಲಸಿಹೋಗಿರುತ್ತದೆ. ಎರಡು ಸಾವಿರನೇ ಒಂದು ಭಾಗಕ್ಕೆ ಇಳಿಸಿದರೆ ಸರಿತ ಕೇವಲ 0.15 ಮಿ.ಮೀ., ಆಗ ಚೀಟಿ ಓದಬಹುದು. ಆದರೆ ಅಷ್ಟು ಕಿರು ಅವಧಿಗೆ ಮಳಿಗೆಯ ಟ್ಯೂಬ್‌ಲೈಟಿನ ಬೆಳಕು ಸಾಲದು. ಅದಕ್ಕಾಗಿಯೇ ರೋಬೋಟ್ ತನ್ನ ಮೈಮೇಲೆ ಎಲ್‌ಇಡಿ ಪಟ್ಟಿ ಹೊತ್ತಿರುತ್ತದೆ. ಆ ಪಟ್ಟಿಯ ಮೇಲೆ ಹಿಟ್ಟಿನ ಧೂಳು ಕುಳಿತರೆ ಅಥವಾ ಕೆಲವು ದೀಪಗಳು ಆರಿಹೋದರೆ, ಕ್ಯಾಮೆರಾ ತಾನಾಗಿಯೇ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟು ಬೆಳಕಿನ ಕೊರತೆಯನ್ನು ತುಂಬಿಕೊಳ್ಳುತ್ತದೆ. ಚಿತ್ರದ ಬೆಳಕು ಸರಿಯಾಗಿಯೇ ಕಾಣುತ್ತದೆ, ಗೆರೆಗಳು ಮಾತ್ರ ಅಳಿಸಿದಂತಿರುತ್ತವೆ. ‘ಕ್ಯಾಮೆರಾ ಹಾಳಾಗಿದೆ’ ಎಂದು ಹೊಸದನ್ನು ತರಿಸುವ ಮೊದಲು ಒದ್ದೆ ಬಟ್ಟೆಯಲ್ಲಿ ದೀಪದ ಪಟ್ಟಿ ಒರೆಸುವುದು ಅಗ್ಗದ ಉಪಾಯ.

ಇದನ್ನು ಖಚಿತಪಡಿಸಿಕೊಳ್ಳಲು ಎರಡು ಸುಲಭ ಪರೀಕ್ಷೆಗಳಿವೆ. ರೋಬೋಟನ್ನು ಅದೇ ಚೀಟಿಯ ಮುಂದೆ ನಿಲ್ಲಿಸಿ ಚಿತ್ರ ತೆಗೆಸಬೇಕು. ನಿಂತಾಗ ಓದಿ, ನಡೆಯುವಾಗ ಓದದಿದ್ದರೆ ದೋಷ ಚಲನೆಯದ್ದು. ಎರಡನೆಯದು ಇನ್ನೂ ಚೊಕ್ಕವಾದದ್ದು: ಅದೇ ಬಾರ್‌ಕೋಡನ್ನು ಮುದ್ರಿಸಿ, ಗೆರೆಗಳು ನೆಟ್ಟಗೆ ನಿಲ್ಲದೆ ಅಡ್ಡಲಾಗಿ ಮಲಗುವಂತೆ ಪಕ್ಕದಲ್ಲಿ ಅಂಟಿಸಬೇಕು. ರೋಬೋಟಿನ ಚಲನೆ ಆಗ ಗೆರೆಯ ಉದ್ದಕ್ಕೇ ಇರುವುದರಿಂದ ಮಸುಕು ಗೆರೆಗಳನ್ನು ಕಲಸುವುದಿಲ್ಲ. ಮಲಗಿದ ಕೋಡ್ ಓದಿಸಿಕೊಂಡು ನಿಂತ ಕೋಡ್ ಓದಿಸಿಕೊಳ್ಳದಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಎರಡೂ ಓದದಿದ್ದರೆ ಲೆನ್ಸಿನ ಕೊಳೆ, ಫೋಕಸ್ ಅಥವಾ ದೂರವನ್ನು ನೋಡಬೇಕು.

ಚಿತ್ರಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಕಂಡರೆ ಕ್ಯಾಮೆರಾದ ಮಿನುಗು ನಿವಾರಣೆಯ ಆಯ್ಕೆ ಎಲ್ಲಿದೆ ಎಂದು ಹುಡುಕಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆಗಿರುವುದರಿಂದ ಹಳೆಯ ಟ್ಯೂಬ್‌ಲೈಟುಗಳು ಮತ್ತು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಅಮೆರಿಕಕ್ಕೆ ಹೊಂದಿಸಿದ ಯಂತ್ರದಲ್ಲಿ ಆ ಆಯ್ಕೆ 60 ಹರ್ಟ್ಸ್‌ನಲ್ಲಿಯೇ ಉಳಿದಿರಬಹುದು.

ತಪ್ಪು ಬರುವ ಹೊತ್ತನ್ನೂ ಬರೆದಿಡಬೇಕು. ಪೂರ್ವಕ್ಕೆ ಮುಖಮಾಡಿದ ಮಳಿಗೆಯಲ್ಲಿ ಬೆಳಗಿನ ಸುತ್ತಿನಲ್ಲಿ ಮಾತ್ರ ಗಾಜಿನ ಪಕ್ಕದ ಖಾನೆಗಳು ‘ಖಾಲಿ’ಯಾಗಿ, ಮಧ್ಯಾಹ್ನ ತಾವಾಗಿ ‘ತುಂಬಿಕೊಂಡರೆ’ ಅದು ಎಳೆಬಿಸಿಲಿನ ಕೆಲಸ. ಪ್ಲಾಸ್ಟಿಕ್ ಪೊಟ್ಟಣಗಳ ಮೇಲೆ ಬಿದ್ದ ಬಿಸಿಲು ಚಿತ್ರದಲ್ಲಿ ಬರೀ ಬಿಳಿ ಕಲೆಯಾಗಿ ಕಾಣುತ್ತದೆ. ಸೂರ್ಯ ಹುಟ್ಟುವ ದಿಕ್ಕು ಡಿಸೆಂಬರಿನಲ್ಲಿ ಆಗ್ನೇಯಕ್ಕೂ ಜೂನ್‌ನಲ್ಲಿ ಈಶಾನ್ಯಕ್ಕೂ ಸರಿಯುವುದರಿಂದ, ಈ ತಿಂಗಳು ಬೇಳೆಯ ರ‍್ಯಾಕಿನಲ್ಲಿದ್ದ ದೋಷ ಕೆಲವು ತಿಂಗಳ ಬಳಿಕ ಸಾಬೂನಿನ ರ‍್ಯಾಕಿಗೆ ಹೋಗಿರುತ್ತದೆ. ಪರದೆ ಇಳಿಸಿ ಅಥವಾ ಆ ಸಾಲಿನ ಸುತ್ತನ್ನು ಸಂಜೆಗೆ ಬದಲಿಸಿ, ತಂತ್ರಾಂಶವನ್ನು ಮುಟ್ಟಬೇಡಿ.

ಚಿತ್ರ ಸ್ಪಷ್ಟವಿದ್ದೂ ವರದಿ ತಪ್ಪಿದ್ದರೆ

ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಇತ್ತೀಚೆಗೆ ರ‍್ಯಾಕ್ ಜೋಡಣೆ ಬದಲಾಗಿದೆಯೇ? ಯುಗಾದಿ, ಗಣೇಶ ಹಬ್ಬ, ದಸರಾ ಬಂತೆಂದರೆ ಬೆಲ್ಲ, ಎಣ್ಣೆ, ರವೆ, ಪೂಜಾ ಸಾಮಗ್ರಿ ಮುಂದಕ್ಕೆ ಬರುತ್ತವೆ, ಉಳಿದವು ಹಿಂದಕ್ಕೆ ಸರಿಯುತ್ತವೆ. ರೋಬೋಟಿನ ಬಳಿ ಇರುವ ಜೋಡಣೆಯ ನಕ್ಷೆ ಹಳೆಯದಾಗಿದ್ದರೆ, ಇದ್ದ ಜಾಗದಲ್ಲಿ ಇರಬೇಕಾದ ಮಾಲು ಕಾಣದೆ ಅದು ‘ಖಾಲಿ’ ಎನ್ನುತ್ತದೆ. ಕಂಪನಿಯವರು ಪೊಟ್ಟಣದ ಬಣ್ಣ ಬದಲಿಸಿದಾಗಲೂ ಹೀಗೆಯೇ ಆಗುತ್ತದೆ. ಹಳೆಯ ಮತ್ತು ಹೊಸ ಪೊಟ್ಟಣಗಳೆರಡರ ಚಿತ್ರವನ್ನೂ ಕೆಲವು ವಾರ ಇಟ್ಟುಕೊಳ್ಳಬೇಕು.

ತೂಕದ ಮಾಲಿನ ದೋಷ ಬೇರೆಯದೇ. ಮಳಿಗೆಯಲ್ಲೇ ತೂಗಿ ಕಟ್ಟಿದ ಪೊಟ್ಟಣಗಳ ಬಾರ್‌ಕೋಡ್ 2ರಿಂದ ಶುರುವಾಗುತ್ತದೆ, ಏಕೆಂದರೆ ಆ ಸಂಖ್ಯೆಗಳನ್ನು ಅಂಗಡಿಯ ಒಳಬಳಕೆಗೆಂದು ಬಿಟ್ಟಿರುತ್ತಾರೆ; ಭಾರತದಲ್ಲಿ ನೋಂದಾಯಿಸಿದ ಕಂಪನಿಗಳ ಕೋಡ್ 890ರಿಂದ ಶುರುವಾಗುತ್ತದೆ. ಒಂದು ಸಾಮಾನ್ಯ ವಿನ್ಯಾಸದಲ್ಲಿ ಮೊದಲ ಎರಡು ಅಂಕಿ ಒಳಬಳಕೆಯ ಗುರುತು, ಮುಂದಿನ ಐದು ಮಾಲಿನ ಸಂಖ್ಯೆ, ಆಮೇಲಿನ ಐದು ಗ್ರಾಂ ತೂಕ, ಕೊನೆಯದು ತಾಳೆ ನೋಡುವ ಅಂಕಿ. ತೊಗರಿಬೇಳೆಯ ಸಂಖ್ಯೆ 00457 ಎಂದಾದರೆ, 500 ಗ್ರಾಂ ಪೊಟ್ಟಣದ ಕೋಡ್ 2100457005004; ಅದೇ ಬೇಳೆಯ 510 ಗ್ರಾಂ ಪೊಟ್ಟಣದ ಕೋಡ್ 2100457005103. ಹದಿಮೂರೂ ಅಂಕಿಗಳನ್ನು ಹೋಲಿಸುವ ತಂತ್ರಾಂಶಕ್ಕೆ ಇವೆರಡು ಬೇರೆ ಬೇರೆ ಸಾಮಾನುಗಳು, ಎರಡೂ ಅದರ ಪಟ್ಟಿಯಲ್ಲಿಲ್ಲ. ಹಾಗಾಗಿ ಬೇಳೆಯ ಖಾನೆ ತುಂಬಿ ತುಳುಕುತ್ತಿದ್ದರೂ ವರದಿ ‘ಖಾಲಿ’ ಎನ್ನುತ್ತದೆ. 2ರಿಂದ ಶುರುವಾಗುವ ಕೋಡುಗಳಲ್ಲಿ ಮೊದಲ ಏಳು ಅಂಕಿಗಳನ್ನು ಮಾತ್ರ ಹೋಲಿಸುವಂತೆ ನಿಯಮ ಬರೆದರೆ ಕಾಳುಕಡಿ ಮೂಲೆಯ ದೂರುಗಳು ಒಮ್ಮೆಲೇ ನಿಲ್ಲುತ್ತವೆ.

ಅಡುಗೆ ಎಣ್ಣೆಯ ಪಾರದರ್ಶಕ ಬಾಟಲಿಗಳ ರ‍್ಯಾಕಿನಲ್ಲಿ ಮಾತ್ರ ದೋಷವಿದ್ದರೆ, ಆಳ ಅಳೆಯುವ ಸಂವೇದಕದ ಮೇಲೆ ಅನುಮಾನಪಡಬೇಕು. ಅದು ಅವಗೆಂಪು (ಇನ್ಫ್ರಾರೆಡ್) ಕಿರಣ ಬಿಟ್ಟು, ತಿರುಗಿ ಬಂದ ಕಿರಣದಿಂದ ದೂರ ಎಣಿಸುತ್ತದೆ. ಬಾಟಲಿಯ ಮೂಲಕ ಹಾದುಹೋದ ಕಿರಣ ರ‍್ಯಾಕಿನ ಹಿಂದಿನ ತಗಡಿಗೆ ಬಡಿದು ಬಂದರೆ ‘ಹಿಂದಿನವರೆಗೆ ಏನೂ ಇಲ್ಲ’ ಎಂಬ ಲೆಕ್ಕ ಹೊರಡುತ್ತದೆ. ಕಪ್ಪು ಟ್ರೇಗಳು ಕಿರಣವನ್ನು ನುಂಗಿಕೊಂಡು ಇಂಥದೇ ಗೊಂದಲ ಮಾಡುತ್ತವೆ. ಅಂಥ ಖಾನೆಗಳಲ್ಲಿ ಆಳವನ್ನು ಬಿಟ್ಟು ಬಣ್ಣದ ಚಿತ್ರವನ್ನೇ ನಂಬುವಂತೆ ಹೊಂದಿಸಬೇಕು.

ಸ್ಯಾಷೆಗಳ ಸರಗಳನ್ನು ರ‍್ಯಾಕಿನ ಮುಂದೆ ತೂಗುಹಾಕುವ ಅಭ್ಯಾಸವನ್ನು ಬಿಡಿಸುವುದು ಕಷ್ಟ, ಏಕೆಂದರೆ ವ್ಯಾಪಾರವಾಗುವುದೇ ಅಲ್ಲಿಂದ. ಅವುಗಳನ್ನು ಕಂಬದ ಬದಿಗೆ ಸರಿಸಿ, ಅವುಗಳ ಹಿಂದೆ ಮರೆಯಾಗುವ ಜಾಗವನ್ನು ನಕ್ಷೆಯಲ್ಲಿ ‘ನೋಡಬೇಡ’ ಎಂದು ಗುರುತಿಸಿದರೆ ಸಾಕು. ಮಂಡಕ್ಕಿ ಮೂಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಸ್ಪಷ್ಟ: ಬಾರ್‌ಕೋಡ್ ಇಲ್ಲದ, ಒಂದೇ ಆಕಾರವಿಲ್ಲದ, ಬೆಳಕಿಗೆ ಹೊಳೆಯುವ ಚೀಲಗಳನ್ನು ಯಂತ್ರಕ್ಕೆ ಕಲಿಸಲು ಪಡುವ ಪಾಡಿಗಿಂತ ಆ ಮೂಲೆಯನ್ನು ಅದರ ಪಟ್ಟಿಯಿಂದ ತೆಗೆಯುವುದು ಮೇಲು. ದೂರದಿಂದಲೇ ಕಾಣುವ ಮಂಡಕ್ಕಿ ರಾಶಿಗೆ ಕ್ಯಾಮೆರಾ ಬೇಕಿಲ್ಲ.

ಚಿತ್ರವೇ ಇಲ್ಲದಿದ್ದರೆ, ಅಥವಾ ಪಕ್ಕದ ಖಾನೆಯದ್ದಾಗಿದ್ದರೆ

ರೋಬೋಟ್ ತನ್ನ ಜಾಗವನ್ನು ಲೇಸರ್ ಕಿರಣ ಬಿಟ್ಟು ಸುತ್ತಲಿನ ದೂರ ಅಳೆಯುವ ಲೈಡಾರ್ ಎಂಬ ಸಾಧನದಿಂದಲೂ ಚಕ್ರದ ಸುತ್ತುಗಳ ಎಣಿಕೆಯಿಂದಲೂ ತಿಳಿಯುತ್ತದೆ. ಉದ್ದನೆಯ, ಎರಡೂ ಬದಿ ಒಂದೇ ತೆರನಾದ ದಾರಿಯಲ್ಲಿ ಲೈಡಾರ್‌ಗೆ ಅಡ್ಡ ದೂರ ಚೆನ್ನಾಗಿ ತಿಳಿದರೂ, ಉದ್ದಕ್ಕೆ ಎಷ್ಟು ಬಂದೆ ಎಂಬುದು ತಿಳಿಯುವುದು ಕಷ್ಟ. ಅಲ್ಲಿ ಚಕ್ರದ ಎಣಿಕೆಯೇ ಆಧಾರ. ಆ ಎಣಿಕೆ ತಪ್ಪಿದರೆ ಬೇಳೆಯ ಚಿತ್ರ ಅಕ್ಕಿಯ ಲೆಕ್ಕಕ್ಕೆ ಹೋಗುತ್ತದೆ.

ಪರೀಕ್ಷೆಗೆ ನೆಲದ ಮೇಲೆ ಟೇಪಿನಿಂದ 5 ಮೀಟರ್ ಗುರುತು ಹಾಕಿ, ರೋಬೋಟನ್ನು ಒಂದು ತುದಿಯಿಂದ ಇನ್ನೊಂದಕ್ಕೆ ನೇರವಾಗಿ ಓಡಿಸಿ, ಚಕ್ರದ ಎಣಿಕೆಯಿಂದ ಅದು ತೋರಿಸುವ ದೂರವನ್ನು ಓದಬೇಕು. 4.90 ಮೀಟರ್ ಎಂದು ತೋರಿಸಿದರೆ ಚಕ್ರದ ಸುತ್ತಳತೆ ಅದು ತಿಳಿದಿರುವುದಕ್ಕಿಂತ ಹೆಚ್ಚಾಗಿದೆ ಎಂದರ್ಥ. ಚಕ್ರವನ್ನು ಮೇಲೆತ್ತಿ ನೋಡಿದರೆ, ಚೀಲ ಬಿಚ್ಚಿದಾಗ ನೆಲಕ್ಕೆ ಬಿದ್ದ ಗೋಣಿ ದಾರ ಟೈರಿಗೆ ಬಿಗಿಯಾಗಿ ಸುತ್ತಿಕೊಂಡು, ಅದರ ಮೇಲೆ ಧೂಳು ಮತ್ತು ಬೆಲ್ಲದ ಅಂಟು ಸೇರಿ ಗಟ್ಟಿಯಾದ ಪದರ ಕಟ್ಟಿರುವುದು ಕಾಣಬಹುದು. ಇದಕ್ಕೆ ವಿರುದ್ಧವಾಗಿ 5.10 ಮೀಟರ್ ಎಂದು ತೋರಿಸಿದರೆ ಚಕ್ರ ಜಾರುತ್ತಿದೆ ಅಥವಾ ಸವೆದಿದೆ: ಒದ್ದೆ ನೆಲ, ಎಣ್ಣೆ ಚೆಲ್ಲಿದ ಜಾಗ, ಹಳೆಯ ಟೈರು. ಶೇ. 2ರಷ್ಟು ತಪ್ಪು ಸಣ್ಣದಾಗಿ ಕಂಡರೂ 20 ಮೀಟರ್ ಉದ್ದದ ದಾರಿಯ ಕೊನೆಯಲ್ಲಿ ಅದು 40 ಸೆಂ.ಮೀ. ಆಗುತ್ತದೆ. ಮಾಪನವನ್ನು ತಂತ್ರಾಂಶದಲ್ಲಿ ತಿದ್ದುವ ಮೊದಲು ದಾರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು. ದಾರ ಇರುವಾಗಲೇ ತಿದ್ದಿದರೆ, ಅದು ತಾನಾಗಿ ಬಿಚ್ಚಿಕೊಂಡ ದಿನ ತಪ್ಪು ತಿರುಗುಮುರುಗಾಗುತ್ತದೆ.

ಲೈಡಾರ್‌ನ ಕಿಟಕಿಯ ಮೇಲೆ ಅರಿಸಿನ, ಖಾರದ ಪುಡಿ, ಹಿಟ್ಟು ಕುಳಿತರೆ ಎದುರಿಗೆ ಏನೋ ಅಡ್ಡ ಇದೆ ಎಂದು ರೋಬೋಟ್ ನಿಲ್ಲುತ್ತದೆ, ಬಳಸಿಕೊಂಡು ಹೋಗುತ್ತದೆ. ಬೆಳಗಿನ ಪೂಜೆಯ ಊದುಬತ್ತಿ ಹೊಗೆ ದಟ್ಟವಾಗಿದ್ದರೂ ಹೀಗಾಗಬಹುದು. ಮೊದಲ ಸುತ್ತನ್ನು ಸ್ವಲ್ಪ ತಡವಾಗಿ ಶುರುಮಾಡಿದರೆ ಆಯಿತು. ಫ್ರೀಜರಿನ ಗಾಜಿನ ಬಾಗಿಲು ಕಿರಣವನ್ನು ಬೇರೆಡೆ ತಿರುಗಿಸುವುದರಿಂದ, ಆ ಬಾಗಿಲುಗಳ ಕೆಳಭಾಗಕ್ಕೆ ಲೈಡಾರ್‌ನ ಎತ್ತರದಲ್ಲಿ ಹೊಳಪಿಲ್ಲದ ಪಟ್ಟಿ ಅಂಟಿಸುವುದು ವಾಡಿಕೆ.

ಕರೆಂಟು ಮತ್ತು ವೈಫೈ ಕಾರಣಗಳನ್ನು ಬೇಗ ಮುಗಿಸಬಹುದು. ಲಿಥಿಯಂ ಬ್ಯಾಟರಿಗಳ ರಕ್ಷಣಾ ಸರ್ಕ್ಯೂಟು ಸಾಮಾನ್ಯವಾಗಿ 45 ಡಿಗ್ರಿಗಿಂತ ಬಿಸಿಯಾದ ಬ್ಯಾಟರಿಯನ್ನು ಚಾರ್ಜ್ ಮಾಡಲು ಬಿಡುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ದಿನವಿಡೀ ಕಾದ ಕಟ್ಟಡದ ಶಟರ್ ಎಳೆದು ಎ.ಸಿ. ಆರಿಸಿ ಹೋದ ಮೇಲೆ, ಆಗಷ್ಟೇ ಸುತ್ತು ಮುಗಿಸಿ ಬಿಸಿಯಾಗಿರುವ ಬ್ಯಾಟರಿ ಚಾರ್ಜ್ ಆಗದೆ, ಮಾರನೆಯ ಸುತ್ತು ಅರ್ಧಕ್ಕೇ ನಿಂತು, ಕೊನೆಯ ಸಾಲುಗಳಿಗೆ ಚಿತ್ರವೇ ಇಲ್ಲದಂತಾಗಬಹುದು. ಕರೆಂಟು ಹೋಗಿ ಬಂದ ಬಳಿಕ ರೋಬೋಟಿನ ಗಡಿಯಾರ ಸರಿಯಿದೆಯೇ ಎಂದೂ ನೋಡಬೇಕು. ಚಿತ್ರದ ಸಮಯ ಹಿಂದುಮುಂದಾದರೆ ಬಿಲ್ಲಿಂಗ್ ಲೆಕ್ಕದೊಡನೆ ತಾಳೆಯಾಗುವುದಿಲ್ಲ. ವೈಫೈ ಸಂಕೇತ ಮೈನಸ್ 67 ಡಿಬಿಎಂಗಿಂತ (ಇದು ಸಂಕೇತದ ಬಲದ ಅಳತೆ) ದುರ್ಬಲವಾಗಿ ಚಿತ್ರಗಳ ರವಾನೆ ತಡವರಿಸಬಹುದಾದ ಮೂಲೆಗಳನ್ನು ಫೋನಿನ ಆ್ಯಪ್‌ನಿಂದಲೇ ಹುಡುಕಬಹುದು. ಉಕ್ಕಿನ ರ‍್ಯಾಕ್ ಮತ್ತು ನೀರಿನ ಬಾಟಲಿಗಳ ಗೋಡೆಯ ಹಿಂದೆ ಅಂಥ ಮೂಲೆ ಇರುವುದು ಹೆಚ್ಚು.

ರೋಬೋಟ್ ಸರಿ, ಲೆಕ್ಕ ತಪ್ಪು

ಈ ಸಾಧ್ಯತೆಯನ್ನು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಕೌಂಟರಿನಲ್ಲಿ ಗಿರಾಕಿ ಒಂದೇ ಬೆಲೆಯ, ಬೇರೆ ಬೇರೆ ರುಚಿಯ ನಾಲ್ಕು ಬಿಸ್ಕತ್ ಪೊಟ್ಟಣ ಇಟ್ಟಾಗ, ಸರದಿ ಉದ್ದವಿದ್ದರೆ ಬಿಲ್ ಮಾಡುವವರು ಒಂದನ್ನೇ ಸ್ಕ್ಯಾನ್ ಮಾಡಿ ನಾಲ್ಕು ಎಂದು ಒತ್ತುತ್ತಾರೆ. ಹಣದ ಲೆಕ್ಕ ಸರಿಹೋಗುತ್ತದೆ, ಮಾಲಿನ ಲೆಕ್ಕ ಕೆಡುತ್ತದೆ: ಸ್ಕ್ಯಾನ್ ಆದ ರುಚಿ ಕಂಪ್ಯೂಟರಿನಲ್ಲಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಉಳಿದ ರುಚಿಗಳು ರ‍್ಯಾಕಿನಲ್ಲಿ ಮುಗಿದಿದ್ದರೂ ಪರದೆಯ ಮೇಲೆ ಉಳಿದೇ ಇರುತ್ತವೆ. ರೋಬೋಟ್ ‘ಖಾಲಿ’ ಎಂದಾಗ ಕಂಪ್ಯೂಟರನ್ನು ನಂಬಿ ಅದನ್ನು ಬೈಯುತ್ತೇವೆ. ದಾಸ್ತಾನು ಪಟ್ಟಿಯಲ್ಲಿ ಋಣ ಸಂಖ್ಯೆ ತೋರುವ ಸಾಮಾನುಗಳನ್ನು ತೆಗೆದು, ಅವುಗಳದೇ ಬೆಲೆಯ ಜೊತೆಗಾರ ಸಾಮಾನುಗಳನ್ನು ಕೈಯಿಂದ ಎಣಿಸಿದರೆ ಈ ಜೋಡಿಗಳು ಸಿಕ್ಕಿಬೀಳುತ್ತವೆ.

ಯಂತ್ರ ಸರಿಯಿದ್ದರೂ ಅದರಿಂದ ಲಾಭವಿದೆಯೇ ಎಂಬುದು ಬೇರೆ ಪ್ರಶ್ನೆ, ಮತ್ತು ಅದನ್ನು ಕೇಳುವುದು ತಪ್ಪಲ್ಲ. ಅಮೆರಿಕದ ವಾಲ್‌ಮಾರ್ಟ್ ಸುಮಾರು 500 ಮಳಿಗೆಗಳಲ್ಲಿ ಬಾಸ್ಸಾ ನೋವಾ ಕಂಪನಿಯ ರ‍್ಯಾಕ್ ನೋಡುವ ರೋಬೋಟ್‌ಗಳನ್ನು ಓಡಿಸಿ, 2020ರ ನವೆಂಬರ್‌ನಲ್ಲಿ ಆ ಒಪ್ಪಂದವನ್ನು ಕೈಬಿಟ್ಟ ಸುದ್ದಿ ಬಂದಿತ್ತು. ಸರಳವಾದ ಬೇರೆ ವಿಧಾನಗಳಿಂದ, ಜನರಿಂದಲೇ, ಅಂಥದೇ ಫಲ ಸಿಗುತ್ತಿದೆ ಎಂಬುದು ಆಗ ವರದಿಯಾದ ಕಾರಣ. ಅದೇ ದೇಶದ ಬೇರೆ ಸರಣಿ ಮಳಿಗೆಗಳು ಟ್ಯಾಲಿ ಎಂಬ ಇನ್ನೊಂದು ರೋಬೋಟನ್ನು ಬಳಸುತ್ತಾ ಬಂದಿವೆ. ಆದ್ದರಿಂದ ಒಂದು ಸಾಲಿನಲ್ಲಿ ದೋಷ ಸರಿಪಡಿಸುವ ಶ್ರಮ ಆ ಸಾಲನ್ನು ದಿನಕ್ಕೊಮ್ಮೆ ಕಣ್ಣಾರೆ ನೋಡುವ ಶ್ರಮಕ್ಕಿಂತ ಹೆಚ್ಚಾದರೆ, ಅಲ್ಲಿ ಯಂತ್ರವನ್ನು ನಿಲ್ಲಿಸಬೇಕು.

ಸರಿಪಡಿಸಿದ ಮೇಲೆ

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಅದೇ ಹೊತ್ತಿನಲ್ಲಿ ಮತ್ತೆ ಸುತ್ತು ಹಾಕಿಸಬೇಕು. ಫಲವನ್ನು ಎರಡು ಲೆಕ್ಕಗಳಲ್ಲಿ ಬರೆದಿಡಬೇಕು: ರೋಬೋಟ್ ‘ಖಾಲಿ’ ಎಂದ ಜಾಗಗಳಲ್ಲಿ ನಿಜವಾಗಿ ಖಾಲಿ ಇದ್ದವು ಎಷ್ಟು, ಮತ್ತು ನಿಜವಾಗಿ ಖಾಲಿ ಇದ್ದ ಜಾಗಗಳಲ್ಲಿ ರೋಬೋಟ್ ಹಿಡಿದದ್ದು ಎಷ್ಟು. ತಂತ್ರಾಂಶದಲ್ಲಿ ‘ಎಷ್ಟು ಖಚಿತವಾದರೆ ವರದಿ ಮಾಡಬೇಕು’ ಎಂಬ ಮಿತಿಯನ್ನು ಏರಿಸಿದರೆ ಮೊದಲ ಲೆಕ್ಕ ಸುಧಾರಿಸಿದಂತೆ ಕಾಣುತ್ತದೆ, ಎರಡನೆಯದು ಸದ್ದಿಲ್ಲದೆ ಕುಸಿಯುತ್ತದೆ. ದೂರುಗಳು ನಿಲ್ಲುವುದರಿಂದ ಎಲ್ಲರಿಗೂ ಸಮಾಧಾನವಾಗುತ್ತದೆ. ಗಿರಾಕಿಗೆ ಮಾತ್ರ ಬೇಕಾದ ಸಾಮಾನು ಸಿಗುವುದಿಲ್ಲ. ಬೆಳಕು, ಚೀಟಿ, ಚಕ್ರ, ನಕ್ಷೆ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಮಾತ್ರ ಆ ಮಿತಿಯನ್ನು ಮುಟ್ಟಬೇಕು.

ಇಷ್ಟಾದರೂ ದೋಷ ಉಳಿದರೆ ಯಂತ್ರ ಪೂರೈಸಿದವರನ್ನು ಕರೆಯಬೇಕು. ‘ಸರಿಯಾಗಿ ಓದುತ್ತಿಲ್ಲ’ ಎಂದಷ್ಟೇ ಹೇಳಿದರೆ ಅವರು ಮಾಡಬಲ್ಲದ್ದು ಯಂತ್ರವನ್ನು ಮತ್ತೊಮ್ಮೆ ಆರಿಸಿ ಹಚ್ಚುವುದು ಮಾತ್ರ. ತಪ್ಪಾದ ಖಾನೆಗಳ ಕುಗ್ಗಿಸದ ಮೂಲ ಚಿತ್ರಗಳು, ಪ್ರತಿ ಚಿತ್ರದ ಸಮಯ ಮತ್ತು ಕ್ಯಾಮೆರಾ ತೆರೆದಿದ್ದ ಅವಧಿ, ಐದು ಮೀಟರ್ ಪರೀಕ್ಷೆಯ ಅಳತೆ, ನಿಂತ ಮತ್ತು ಮಲಗಿದ ಬಾರ್‌ಕೋಡ್ ಪರೀಕ್ಷೆಯ ಫಲ, ಕೊನೆಯದಾಗಿ ರ‍್ಯಾಕ್ ಜೋಡಣೆ ಬದಲಿಸಿದ ದಿನಾಂಕ, ಇವುಗಳನ್ನು ಮೊದಲೇ ಕಳುಹಿಸಿಕೊಟ್ಟರೆ ಬೆಂಗಳೂರಿನಿಂದ ತಂತ್ರಜ್ಞರು ಬರುವಾಗ ಬೇಕಾದ ಬಿಡಿಭಾಗವನ್ನು ಜೊತೆಗೇ ತರುತ್ತಾರೆ.